ಶಿಬಿರಕ್ಕೆ ಮೊದಲಿನ ಹನ್ನೊಂದು ಕೆಲಸ

ಅಭಿನಂದನನಿಗೆ ಒಂಬತ್ತು ತುಂಬಿ ಹತ್ತು ನಡೆಯುತ್ತಿತ್ತು. ಆದರೂ ಅವನು ತನ್ನ ಕೈಯಿಂದಲೇ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ ದಿನಗಳು ಬಹಳ ಕಡಿಮೆ. ಅವನು ಟಿವಿ ಮುಂದೆ ಕೂತು ಬಾಯಿ ತೆರೆಯುವುದು, ಆಯಿ, ಅಂದರೆ ಅಜ್ಜಿ ಇಂದ್ರವ್ವ, ಮಡಿಕೆಕಾಳಿನ ಪಲ್ಯ ಸವರಿದ ತುಣುಕು ಒಳಗೆ ಹಾಕುವುದು, ಇದು ರಬಕವಿಯ ಆ ಮನೆಯಲ್ಲಿ ದಿನವೂ ಹೊತ್ತು ಮುಳುಗುವ ಮುಂಚೆ ನಡೆಯುವ ಕೆಲಸ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಜೈನರ ಮನೆ. ಹಾಗಾಗಿ ಕೊನೆಯ ನಾಲ್ಕು ತುತ್ತು ಯಾವಾಗಲೂ ಬಹಳ ಅವಸರದಲ್ಲಿ ಹೋಗುತ್ತಿದ್ದವು.

ಏಪ್ರಿಲ್ ತಿಂಗಳ ಒಂದು ಸಂಜೆ ಹೀಗೆ ಕೊನೆಯ ತುತ್ತು ನಡೆದಿದ್ದಾಗ ಅವನ ತಾಯಿ ಸುಮನ ಒಂದು ಹಾಳೆ ಹಿಡಿದುಕೊಂಡು ಬಂದಳು. ಸುಮನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಆಗ ಉತ್ತರ ಪತ್ರಿಕೆ ತಿದ್ದಲು ದಿನಾ ಜಮಖಂಡಿಗೆ ಹೋಗಿಬರುತ್ತಿದ್ದಳು. ಹಾಗಾಗಿ ಅವಳ ಮಾತಿನಲ್ಲೂ ಕೆಂಪು ಪೆನ್ನಿನ ಗುಣ ಬಂದುಬಿಟ್ಟಿತ್ತು.

"ಮಾವಾರ, ಬೀಳಗಿ ಕಡೆ ಹಿನ್ನೀರಿನ ದಂಡಿಮ್ಯಾಗ ಮಕ್ಕಳ ಶಿಬಿರ ಐತಿ. ಐದ ದಿನಾ. ಅಲ್ಲೇ ಇರೂದು, ಅಲ್ಲೇ ಮಲಗೂದು. ಅಭಿ ಹೆಸರ ಕೊಟ್ಟ ಬಂದೇನಿ."

ಪಡಸಾಲೆಯ ಮರದ ಪಾಟಿನ ಮೇಲೆ ಕೂತಿದ್ದ ಅಜ್ಜ ಪಾರಿಸಪ್ಪನವರು ಕನ್ನಡಕ ಹಾಕಿಕೊಂಡು ಹಾಳೆ ಓದಿದರು. ಶಿಬಿರಕ್ಕೆ ಬರುವ ಮಗು ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳಬೇಕಾದ ಕೆಲಸಗಳು ಅಂತ ಅದರಲ್ಲಿ ಹನ್ನೊಂದನ್ನು ಬರೆದಿದ್ದರು. ತಾನೇ ಏಳುವುದರಿಂದ ಹಿಡಿದು ಸ್ನಾನ, ತಲೆ ಬಾಚುವುದು, ಬೂಟಿನ ಲೇಸು ಕಟ್ಟುವುದು, ಬಟ್ಟೆ ಒಗೆಯುವುದು, ಉಂಡ ತಾಟು ತೊಳೆಯುವುದು, ಹಾಸಿಗೆ ಸುತ್ತುವುದರ ತನಕ ಎಲ್ಲವೂ ಇದ್ದವು.

"ಇದರಾಗ ಏನ ದೊಡ್ಡದೈತಿ?" ಎಂದರು ಪಾರಿಸಪ್ಪ. "ಹನ್ನೊಂದ ವರ್ಷದಾಂವ ಇದ್ದಾಗ ನನ್ನ ಜಮಖಂಡಿ ಬೋರ್ಡಿಂಗಿಗಿ ಹಾಕಿದ್ದರು. ಎಲ್ಲಾ ನಮ್ಮ ಕೈಲೇ ಮಾಡಕೊಂತಿದ್ವಿ. ಈಗಿನ ಹುಡುಗ್ರಿಗಿ ಎಲ್ಲಾ ಕೈಯಾಗ ಕೊಟ್ಟ ಕೆಡಿಸಿ ಇಟ್ಟೀರಿ."

ಅಡುಗೆಮನೆಯೊಳಗೆ ಕೈ ತೊಳೆಯಲು ಹೋಗಿದ್ದ ಇಂದ್ರವ್ವನಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು.

"ಹಂಗಾರ ಛಲೋ ಆತು ಬಿಡ್ರಿ," ಎಂದಳು ಸುಮನ. "ನನಗ ಪೇಪರ ಮುಗಿಯೂತನಕ ಪುರುಸೊತ್ತಿಲ್ಲ. ನಿಮ್ಮ ಮಗಾ ಇಚಲಕರಂಜಿಗಿ ಹೋದರ ವಾರಗಟ್ಟಲೆ ಬರೂದಿಲ್ಲ. ನೀವ ಕಲಸ್ರಿ. ಹದಿನೈದ ದಿನಾ ಐತಿ."

ಪಾರಿಸಪ್ಪನವರು ಇಲ್ಲ ಅನ್ನುವ ಹಾಗಿರಲಿಲ್ಲ. ನಲವತ್ತು ವರ್ಷ ಸೀರೆ ವ್ಯಾಪಾರ ಮಾಡಿ, ಒಮ್ಮೆ ಆಡಿದ ಮಾತಿನಿಂದ ಹಿಂದೆ ಸರಿಯದವರು ಅಂತ ರಬಕವಿ, ಬನಹಟ್ಟಿಯ ತುಂಬ ಹೆಸರು ಮಾಡಿದ್ದರು. ಸುಮನ ಒಳಗೆ ಹೋದ ಮೇಲೆ ಹಾಳೆಯನ್ನು ಮತ್ತೊಮ್ಮೆ ಓದಿ, ಹನ್ನೊಂದರಲ್ಲಿ ತನಗೆ ಎಷ್ಟು ಬರುತ್ತವೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಾನಾಗಿ ಏಳುವುದು ಬರುತ್ತಿತ್ತು. ಅಲ್ಲಿಂದ ಮುಂದೆ ಲೆಕ್ಕ ನಿಂತುಬಿಟ್ಟಿತು. ಮದುವೆಯಾಗಿ ನಲವತ್ನಾಲ್ಕು ವರ್ಷ. ಅಷ್ಟು ವರ್ಷವೂ ಅವರು ಬಚ್ಚಲಿಗೆ ಹೋದಾಗ ಹದವಾದ ನೀರು ಬಕೆಟಿನಲ್ಲಿತ್ತು, ಹೊರಗೆ ಬಂದಾಗ ಧೋತರ ಹಾಸಿಗೆ ಮೇಲಿತ್ತು, ಅಂಗಿಯ ಮೇಲೆ ಜೇಬಿನ ಪೆನ್ನು ಕೂಡ ಇತ್ತು. ಇವೆಲ್ಲ ಎಲ್ಲಿಂದ ಬರುತ್ತವೆ ಅಂತ ಅವರು ಕೇಳಿದವರಲ್ಲ.

ಮರುದಿನ ಮುಂಜಾನೆ ಅಜ್ಜ, ಮೊಮ್ಮಗ ಇಬ್ಬರೂ ಬಚ್ಚಲಮನೆ ಹೊಕ್ಕರು. ಗೋಡೆಯಲ್ಲಿ ಮೂರು ತಿರುಪುಗಳಿದ್ದವು.

"ಅಜ್ಜಾ, ಬಿಸಿನೀರ ಯಾವದರಾಗ ಬರತಾವ?"

"ಶಾಣ್ಯಾ ಆದಾಂವ ತಾನ ಹುಡಕಬೇಕ," ಎಂದರು ಪಾರಿಸಪ್ಪ, ಗಂಭೀರವಾಗಿ.

ಅಭಿ ಮೊದಲನೆಯದನ್ನು ತಿರುಗಿಸಿದ. ಮಾಳಿಗೆ ಮೇಲಿನ ಸೋಲಾರ್ ಏಪ್ರಿಲ್ ಬಿಸಿಲಲ್ಲಿ ಕುದ್ದ ನೀರನ್ನು ಹೊಗೆಯಾಡುತ್ತ ಬಕೆಟಿಗೆ ಬಿಟ್ಟಿತು. ಹುಡುಗ ಚೀರಿ ಹಿಂದೆ ಜಿಗಿದ. ಅದನ್ನು ಬಂದ್ ಮಾಡಲು ಮುಂದೆ ಬಂದ ಪಾರಿಸಪ್ಪನವರು ಅವಸರದಲ್ಲಿ ಮೂರನೆಯ ತಿರುಪು ಹಿಡಿದರು. ಅದು ತಲೆಯ ಮೇಲಿನ ಶವರಿನದು. ಅಂಗಿ, ಧೋತರ, ಕನ್ನಡಕ, ಅಂಗಿಯ ಜೇಬಿನ ಪೆನ್ನು ಎಲ್ಲದರ ಸಮೇತ ಅವರ ಸ್ನಾನ ಅರ್ಧ ನಿಮಿಷದಲ್ಲಿ ಆಗಿಹೋಯಿತು. ಅಭಿ ನಕ್ಕು ನಕ್ಕು ಒದ್ದೆ ನೆಲದ ಮೇಲೆ ಕೂತುಬಿಟ್ಟ.

"ಇಂದ್ರಾ, ಸಾಬೂನ ಎಲ್ಲೈತಿ?" ಎಂದು ಪಾರಿಸಪ್ಪ ಒಳಗಿಂದಲೇ ಕೂಗಿದರು.

"ಯಾರಿಗಿ ಬೇಕಾಗೇತಿ? ಮಾಸ್ತರಿಗೋ, ಹುಡುಗಗೋ?" ಎಂದು ಹೊರಗಿಂದ ಬಂತು ಉತ್ತರ. "ಹುಡುಗಗ ಇದ್ದರ, ಅಂವಾ ತಾನ ಹುಡಕಬೇಕಂತ ಬರದಾರ ಹಾಳ್ಯಾಗ."

ಅಂದು ಮಧ್ಯಾಹ್ನ ಅಜ್ಜ, ಮೊಮ್ಮಗನ ನಡುವೆ ಒಂದು ಒಪ್ಪಂದವಾಯಿತು. ಅದನ್ನು ಮುಂದಿಟ್ಟವನು ಅಭಿ. ಅವನಿಗೆ ಅಜ್ಜನ ಗುಟ್ಟು ಗೊತ್ತಾಗಿಹೋಗಿತ್ತು. "ಅಜ್ಜಾ, ನಿನಗೂ ಬರೂದಿಲ್ಲ, ನನಗೂ ಬರೂದಿಲ್ಲ. ಇಬ್ರೂ ಕಲಿಯೂಣು. ನಾ ಯಾರಿಗೂ ಹೇಳೂದಿಲ್ಲ." ಸೀರೆ ಪೆಟ್ಟಿಗೆಯ ರಟ್ಟಿನ ಮೇಲೆ ಅವನು ಎರಡು ಸಾಲು ಎಳೆದು, ಒಂದರ ಮೇಲೆ ತನ್ನ ಹೆಸರು, ಇನ್ನೊಂದರ ಮೇಲೆ ಅಜ್ಜ ಅಂತ ಬರೆದ. ಕೆಲಸ ಬಂದರೆ ರೈಟ್ ಮಾರ್ಕು. ಆದರೆ ಒಬ್ಬನ ರೈಟ್ ಮಾರ್ಕನ್ನು ಇನ್ನೊಬ್ಬ ಹಾಕಬೇಕು, ತನಗೆ ತಾನೇ ಹಾಕಿಕೊಳ್ಳುವ ಹಾಗಿಲ್ಲ. ರಟ್ಟನ್ನು ಪಾರಿಸಪ್ಪನವರ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದರು. ಆ ಕಪಾಟಿನಲ್ಲಿ ಬಟ್ಟೆ ಇಡುವವಳು ಇಂದ್ರವ್ವ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಬಟ್ಟೆ ಒಗೆಯುವ ಪಾಠ ಮೂರನೆಯ ದಿನ ಹಿತ್ತಲಿನ ಕಲ್ಲಿನ ಮೇಲೆ ನಡೆಯಿತು. ಬಟ್ಟೆಯ ವಿಷಯದಲ್ಲಾದರೂ ತನಗೆ ಯಾರೂ ಹೇಳಿಕೊಡುವುದು ಬೇಡ ಅಂತ ಪಾರಿಸಪ್ಪನವರಿಗೆ ಧೈರ್ಯವಿತ್ತು. ಎಳೆ ಮುಟ್ಟಿದರೆ ಸಾಕು, ನೂಲು ಎಲ್ಲಿಯದು, ಮಗ್ಗ ಯಾವುದು ಅಂತ ಹೇಳುವ ಮನುಷ್ಯ. ತಮ್ಮ ಎರಡು ಧೋತರ, ಅಭಿಯ ಬಿಳಿ ಬನಿಯನ್ನು, ತಮ್ಮದೇ ಅಂಗಡಿಯ ಒಂದು ಕೆಂಪು ಟವೆಲ್ಲು, ಎಲ್ಲವನ್ನೂ ಒಂದೇ ಬಕೆಟಿನಲ್ಲಿ ನೆನೆಹಾಕಿದರು.

"ಅಜ್ಜಾ, ಕೆಂಪಂದು ಬ್ಯಾರೆ ಹಾಕಬೇಕಂತಾಳ ಆಯಿ."

"ನಿಮ್ಮ ಆಯಿಗೇನ ಗೊತ್ತ? ಇದು ಪಕ್ಕಾ ಬಣ್ಣ. ನೂರ ಸಲ ಒಗದರೂ ಹೋಗೂದಿಲ್ಲಂತ ನಾನ ಮಂದಿಗಿ ಹೇಳಿ ಮಾರೇನಿ."

ಬಣ್ಣ ಮೊದಲನೆಯ ಸಲಕ್ಕೇ ಹೋಯಿತು. ಮರುದಿನ ಬಸದಿಗೆ ಹೊರಟ ಪಾರಿಸಪ್ಪನವರ ಧೋತರ ಎಳೆ ದಾಳಿಂಬೆ ಬಣ್ಣದ್ದಾಗಿತ್ತು. ಬೇರೆ ಧೋತರ ಇಂದ್ರವ್ವನನ್ನು ಕೇಳಿದ್ದರೆ ಸಿಗುತ್ತಿತ್ತು. ಕೇಳಲು ಮನಸ್ಸಾಗಲಿಲ್ಲ. ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿಯ ಶಿದ್ರಾಮಪ್ಪ ಕಸ ಹೊಡೆಯುತ್ತ ನಿಂತಿದ್ದವನು, ಬಾರಿಗೆ ಕೆಳಗಿಟ್ಟು ನೋಡಿದ.

"ಯಾಕ ಪಾರಿಸಪ್ಪಾ, ಹೋಳಿ ಹುಣ್ಣಿವಿ ಆಗಿ ತಿಂಗಳ ಮ್ಯಾಲಾತಲ್ಲೋ?"

"ಹೊಸಾ ಫ್ಯಾಶನ್," ಎಂದು ಪಾರಿಸಪ್ಪ ನಿಲ್ಲದೆ ನಡೆದರು. ಬಸದಿಯಲ್ಲಿ ಅಂದು ಅವರು ಕಂಬದ ಮರೆಯಲ್ಲಿ ಕೂತು ಜಪ ಮಾಡಿದರು.

ಲೇಸಿನ ಪಾಠ ಇನ್ನೊಂದು ಕಥೆ. ಪಾರಿಸಪ್ಪನವರು ಹುಟ್ಟಿದಾಗಿನಿಂದ ಚಪ್ಪಲಿಯವರು. ಬೂಟು ಕಾಲಿಗೆ ಹಾಕಿದವರಲ್ಲ. ಆದರೆ ಅವರಿಗೆ ಒಂದು ಗಂಟು ಚೆನ್ನಾಗಿ ಬರುತ್ತಿತ್ತು. ಮಗ್ಗದಲ್ಲಿ ಎಳೆ ಹರಿದಾಗ ನೇಕಾರರು ಎರಡು ತುದಿ ಕೂಡಿಸಿ ಹಾಕುವ ಗಂಟು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಮಗ್ಗದ ಮುಂದೆ ಕೂತು ಕಲಿತದ್ದು. ಅದನ್ನೇ ಬಹಳ ಅಭಿಮಾನದಿಂದ ಅಭಿಯ ಎರಡೂ ಬೂಟಿಗೆ ಹಾಕಿ ತೋರಿಸಿದರು.

"ನೋಡ ತಮ್ಮಾ, ಈ ಗಂಟ ಎಷ್ಟ ಜಗ್ಗಿದರೂ ಬಿಚ್ಚೂದಿಲ್ಲ."

ಮಾತು ಖರೆ ಆಯಿತು. ಸಂಜೆ ಆರಕ್ಕೆ ಬೂಟು ಬಿಚ್ಚಬೇಕೆಂದರೆ ಬಿಚ್ಚಲಿಲ್ಲ. ಪಾರಿಸಪ್ಪ ಉಗುರಿನಿಂದ ಎಳೆದರು, ಹಲ್ಲು ಹಚ್ಚಿ ನೋಡಿದರು, ಅವರ ಎರಡು ಹಲ್ಲು ಕಟ್ಟಿಸಿದವಾದ್ದರಿಂದ ಅದನ್ನು ಬೇಗ ಬಿಟ್ಟರು. ಬೂಟು ಹಾಕಿಕೊಂಡೇ ಊಟಕ್ಕೆ ಕೂರಲು ಇಂದ್ರವ್ವ ಬಿಡಲಿಲ್ಲ. ಹೊತ್ತು ಮುಳುಗುತ್ತ ಬಂದಿತ್ತು. ಹುಡುಗ ಕಟ್ಟೆ ಮೇಲೆ ಕಾಲು ಹೊರಗೆ ಚಾಚಿ, ತಾಟು ತೊಡೆಯ ಮೇಲಿಟ್ಟುಕೊಂಡು ಅವಸರದಲ್ಲಿ ತನ್ನ ಕೈಯಿಂದಲೇ ಉಂಡ. ಅವನಿಗೆ ಉಣಿಸಲು ಅಲ್ಲಿ ಯಾರಿಗೂ ಜಾಗ ಇರಲಿಲ್ಲ. ಜಮಖಂಡಿಯಿಂದ ಬಂದ ಸುಮನ ಕತ್ತರಿ ತಂದು ಎರಡೂ ಲೇಸು ಕತ್ತರಿಸಿದಳು. ಆಮೇಲೆ ಖಾಲಿಯಾದ ತಾಟು ನೋಡಿ, "ಇವತ್ತ ಯಾರ ಉಣಿಸಿದರು?" ಎಂದಳು.

"ಯಾರೂ ಇಲ್ಲ," ಎಂದ ಅಭಿ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

ಮುಂದಿನ ದಿನಗಳಲ್ಲಿ ಕೆಲಸಗಳು ಒಂದೊಂದೇ ದಾರಿಗೆ ಬಂದವು. ನೀರಿನ ಹದ ಕೈಗೆ ಸಿಕ್ಕಿತು. ತಾಟು ತೊಳೆಯುವುದರಲ್ಲಿ ಅಜ್ಜ, ಮೊಮ್ಮಗನಿಗೆ ಪಂದ್ಯವೇ ಬಿತ್ತು. ಯಾರ ತಾಟಿನಲ್ಲಿ ಮುಖ ಹೆಚ್ಚು ನಿಚ್ಚಳ ಕಾಣುತ್ತದೆ ಅಂತ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಲೇಸು ಕಟ್ಟುವುದನ್ನು ಅಭಿ ಮೊಬೈಲಿನಲ್ಲಿ ನೋಡಿ ಕಲಿತು ಅಜ್ಜನಿಗೆ ಕಲಿಸಿದ. ಹಾಸಿಗೆ ಸುತ್ತುವುದರಲ್ಲಿ ಮಾತ್ರ ಪಾರಿಸಪ್ಪನವರು ಮೊದಲ ದಿನವೇ ಗೆದ್ದರು. ಅರಿವೆಯ ಥಾನು ಸುತ್ತಿದ ಕೈ ಅದು.

ಈ ನಡುವೆ ಅವರು ಶಿಬಿರದ ಶಿವಯೋಗೆಪ್ಪ ಮಾಸ್ತರರಿಗೆ ಫೋನ್ ಮಾಡಿದರು.

"ಮಾಸ್ತರ, ನಮ್ಮ ಹುಡುಗ ಹೊತ್ತ ಮುಳುಗಿದ ಮ್ಯಾಲ ಉಣ್ಣೂದಿಲ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ನಡಿಯೂದಿಲ್ಲ."

"ತೇರದಾಳದಿಂದ ಇನ್ನೂ ಆರ ಮಂದಿ ಹಂಗ ಅದಾರ್ರಿ. ಅವರಿಗಿ ಬ್ಯಾರೆ ಒಲಿ, ಆರ ಗಂಟೆಕ್ಕ ಊಟಾ. ಚಿಂತಿ ಬ್ಯಾಡ್ರಿ."

"ನೀರ ಸೋಸಿ..."

"ಸೋಸಿ ಕೊಡ್ತೇವ್ರಿ."

"ಅಂವಗ ಮಲಗೂ ಮುಂದ ಬೆನ್ನ ತಿಕ್ಕಬೇಕ್ರಿ..."

"ಅದೊಂದ ಆಗೂದಿಲ್ರಿ ಯಜಮಾನ್ರ," ಎಂದರು ಮಾಸ್ತರರು. "ನಲವತ್ತ ಬೆನ್ನ ಆಕ್ಕಾವ."

ಶಿಬಿರಕ್ಕೆ ನಾಲ್ಕು ದಿನ ಉಳಿದಿದ್ದಾಗ ಎಲ್ಲ ಕೆಡುವ ಹಾಗೆ ಆಯಿತು. ಸಂಜೆ ಮಾಳಿಗೆ ಮೇಲೆ ಇಬ್ಬರೂ ಒಣಗಿದ ಬಟ್ಟೆ ಮಡಚುತ್ತಿದ್ದರು. ಅಭಿ ಒಂದು ಅಂಗಿಯನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡುತ್ತಿದ್ದವನು, "ಅಜ್ಜಾ, ನನಗ ಹೊಟ್ಟಿ ಕಡ್ಯಾಕತ್ತೈತಿ," ಎಂದ.

"ಯಾವಾಗಿಂದ?"

"ನಾಲ್ಕ ದಿನದ ಮ್ಯಾಲ ಭಾಳ ಕಡಿತೈತಿ ಅನಸತೈತಿ."

ಪಾರಿಸಪ್ಪನವರಿಗೆ ನಗು ಬಂತು, ಆದರೆ ನಗಲಿಲ್ಲ. ಹುಡುಗನ ಗದ್ದ ನಡುಗುತ್ತಿತ್ತು.

"ನಾ ಹೋಗೂದಿಲ್ಲಜ್ಜಾ. ಅಲ್ಲಿ ನೀ ಇರೂದಿಲ್ಲ. ಆಯಿ ಇರೂದಿಲ್ಲ. ನೀನರ ಭಾಳ ಧೈರ್ಯದಾಂವ. ಬೋರ್ಡಿಂಗಿನ್ಯಾಗ ಒಬ್ನ ಇದ್ದಿ."

ಪಾರಿಸಪ್ಪನವರು ಕೈಯಲ್ಲಿದ್ದ ಧೋತರವನ್ನು ಪಕ್ಕಕ್ಕಿಟ್ಟರು. ಈ ಬೋರ್ಡಿಂಗಿನ ಮಾತನ್ನು ಅವರು ಐವತ್ತು ವರ್ಷಗಳಿಂದ ಎಷ್ಟು ಮಂದಿಗೆ ಹೇಳಿದ್ದರೋ ಅವರಿಗೇ ನೆನಪಿಲ್ಲ. ಮಗ ದಶರಥನಿಗೆ ಹೇಳಿದ್ದರು, ಅಂಗಡಿಯ ಆಳುಗಳಿಗೆ ಹೇಳಿದ್ದರು. ಆದರೆ ಯಾರೂ ಇಷ್ಟು ನಂಬಿ, ಇಷ್ಟು ಕಣ್ಣೀರು ತುಂಬಿಕೊಂಡು ಅದನ್ನು ಅವರಿಗೆ ತಿರುಗಿ ಹೇಳಿರಲಿಲ್ಲ.

"ತಮ್ಮಾ, ಒಂದ ಖರೆ ಹೇಳಲೇನು?" ಎಂದರು. "ಎರಡ ರಾತ್ರಿ ಇದ್ದೆ ಅಷ್ಟ."

"ಅಂದ್ರ?"

"ಮೊದಲನೇ ರಾತ್ರಿ ಅತ್ತೆ. ಎರಡನೇ ದಿನಾ ಧೋತರಾ ಉಡಾಕ ಬರಲಿಲ್ಲ, ಅದು ಪ್ರಾರ್ಥನಾದಾಗ ಬಿಚ್ಚಿ ಬಿತ್ತು, ಎಲ್ಲಾರೂ ನಕ್ಕರು. ಮೂರನೇ ದಿನಾ ಮುಂಜಾನೆ ಬೆಲ್ಲದ ಗಾಡಿ ರಬಕವಿಗಿ ಹೊಂಟಿತ್ತು. ಬೆಲ್ಲದ ಪೆಂಟಿ ಮ್ಯಾಗ ಕುಂತ ಬಂದಬಿಟ್ಟೆ."

ಅಭಿಯ ಗದ್ದ ನಡುಗುವುದು ನಿಂತಿತು. "ನಿಮ್ಮಪ್ಪ ಬೈಲಿಲ್ಲಾ?"

"ಬೋರ್ಡಿಂಗ್ ಬಂದ್ ಆತು, ದೊಡ್ಡ ಮಾಸ್ತರ ಸತ್ತರು ಅಂತ ಹೇಳಿದೆ. ನಮ್ಮಪ್ಪ ಪಾಪ ಮರಮರ ಮರಗಿದ. ಹದಿನೈದ ದಿನಾ ಆದ ಮ್ಯಾಲ ಬನಹಟ್ಟಿ ಸಂತ್ಯಾಗ ಆ ಮಾಸ್ತರ ಬದನಿಕಾಯಿ ಆರಸಕೋತ ಕುಂತಿದ್ದರು."

"ಅಯ್ಯ! ಆಮ್ಯಾಲ?"

"ನಮ್ಮಪ್ಪ ಒಂದ ಮಾತ ಅನಲಿಲ್ಲ. ಅವರನ್ನ ಮನಿಗಿ ಊಟಕ್ಕ ಕರಕೊಂಡ ಬಂದ. 'ಪಾರಿಸಾ, ಸತ್ತ ಮಾಸ್ತರಗ ಹೋಳಿಗಿ ನೀಡ ಬಾ' ಅಂದ. ನಾನ ಬಡಿಸಿದೆ. ಐದ ಹೋಳಿಗಿ ತಿಂದರು ಪುಣ್ಯಾತ್ಮರು."

ಅಭಿ ಬಟ್ಟೆಯ ಗುಡ್ಡೆಯ ಮೇಲೆ ಬಿದ್ದು ಹೊರಳಾಡಿ ನಕ್ಕ. ಮಡಚಿದ್ದೆಲ್ಲ ಕೆಟ್ಟಿತು. ನಗು ನಿಂತ ಮೇಲೆ ಎದ್ದು ಕೂತು ಯೋಚನೆ ಮಾಡಿದ.

"ಹಂಗಾರ ನಾ ಮೂರ ರಾತ್ರಿ ಇದ್ದರ ನಿನಕಿಂತ ಹೆಚ್ಚಾತಿಲ್ಲೋ?"

"ಆತು."

"ನಾಲ್ಕೂ ಇದ್ದರ?"

"ನಾಲ್ಕ ಇದ್ದರ, ನಮ್ಮ ಮನೆತನದಾಗ ಯಾರೂ ಮಾಡಿಲ್ಲ ಬಿಡು."

ಆಗ ಮೆಟ್ಟಿಲ ಕಡೆ ಬಳೆ ಸದ್ದಾಯಿತು. ಒಣಗಲು ಹಾಕಿದ್ದ ಹಪ್ಪಳ ತೆಗೆಯಲು ಇಂದ್ರವ್ವ ಬಂದಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಅವರ ಕಡೆ ತಿರುಗಿ ನೋಡದೆ ಹಪ್ಪಳ ಆರಿಸಿಕೊಂಡು ಇಳಿದು ಹೋದಳು. ಆದರೆ ಹೋಗುವಾಗ ಅವಳ ಹೆಗಲು ಅಲುಗಾಡುತ್ತಿದ್ದುದನ್ನು ಪಾರಿಸಪ್ಪನವರು ನೋಡಿದರು.

ಹೊರಡುವ ಹಿಂದಿನ ದಿನ ಚೀಲ ತುಂಬುವ ಕೆಲಸವನ್ನು ಪಾರಿಸಪ್ಪನವರು ತಾವೇ ವಹಿಸಿಕೊಂಡರು. ಐದು ಜೊತೆ ಬಟ್ಟೆ ಮಡಚಿ, ಒಂದೊಂದಕ್ಕೂ ವಾರದ ಹೆಸರು ಬರೆದ ಚೀಟಿ ಪಿನ್ ಮಾಡಿದರು. ಅದರ ಮೇಲೆ ಎರಡು ಬ್ಯಾಟರಿ, ಒಂದು ಛತ್ರಿ, ಸೀಟಿ, ನೋವಿನ ಮುಲಾಮು, ತುಪ್ಪದ ಡಬ್ಬಿ, ಶೇಂಗಾ ಹೋಳಿಗೆಯ ಎರಡು ಗಂಟು, ಕೊನೆಗೆ ಒಂದು ಸಣ್ಣ ಬೀಸಣಿಕೆ. ಚೀಲದ ಬಾಯಿ ಮುಚ್ಚಲಿಲ್ಲ. ಅದರ ಮೇಲೆ ಅಭಿಯನ್ನು ಕೂರಿಸಿ ಜಿಪ್ ಎಳೆಯುತ್ತಿದ್ದಾಗ ಸುಮನ ಬಂದಳು.

"ಮಾವಾರ, ಹುಡುಗ ಶಿಬಿರಕ್ಕ ಹೊಂಟಾನ, ಹೊಸಾ ಸಂಸಾರ ಹೂಡಾಕಲ್ಲ," ಎಂದು ಅರ್ಧ ಸಾಮಾನು ಹೊರಗೆ ತೆಗೆದಳು. ಬೀಸಣಿಕೆಯನ್ನು ಮಾತ್ರ ಮಾವನ ಮುಖ ನೋಡಿ ಒಳಗೆ ಬಿಟ್ಟಳು.

ಮರುದಿನ ಮುಂಜಾನೆ ಬನಹಟ್ಟಿ ಬಸ್ ನಿಲ್ದಾಣದ ಹತ್ತಿರ ಶಿಬಿರದ ಗಾಡಿ ನಿಂತಿತ್ತು. ಆಟೋದಲ್ಲಿ ಮನೆಯವರೆಲ್ಲ ಬಂದರು. ಇಂದ್ರವ್ವ ಹಸಿರು ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಇನ್ನೊಂದು ಚೀಲ ಇಟ್ಟುಕೊಂಡಿದ್ದಳು. ಮೊಮ್ಮಗನಿಗೆ ಇನ್ನೂ ಏನೋ ತಿನ್ನುವುದಕ್ಕೆ ಕಟ್ಟಿದ್ದಾಳೆ ಅಂತ ಪಾರಿಸಪ್ಪ ತಿಳಿದರು. ಅಭಿ ಅಜ್ಜನ ಬೆರಳು ಗಟ್ಟಿಯಾಗಿ ಹಿಡಿದುಕೊಂಡೇ ಗಾಡಿಯ ಬಾಗಿಲ ತನಕ ಬಂದ. ಪಾರಿಸಪ್ಪನವರು ಹೇಳಬೇಕೆಂದು ರಾತ್ರಿಯೇ ಯೋಚಿಸಿ ಇಟ್ಟುಕೊಂಡಿದ್ದ ನಾಲ್ಕು ಮಾತು ಇದ್ದವು. ಮೊದಲನೆಯದಕ್ಕೆ ಬಾಯಿ ತೆರೆಯುವುದರೊಳಗೆ ಅಭಿಗೆ ಕಿಟಕಿಯ ಸೀಟು ಖಾಲಿ ಕಂಡಿತು. ಬೆರಳು ಬಿಟ್ಟು ಓಡಿದ. ಗಾಡಿ ಹೊರಟಾಗ ಅವನು ಇನ್ನೊಬ್ಬ ಹುಡುಗನೊಡನೆ ಆ ಸೀಟಿಗೆ ಜಗಳಾಡುತ್ತಿದ್ದ. ತಿರುಗಿ ನೋಡಲೇ ಇಲ್ಲ.

ಪಾರಿಸಪ್ಪನವರು ಗಾಡಿ ಹೋದ ರಸ್ತೆ ನೋಡುತ್ತ ನಿಂತರು. "ನಡೀರಿ ಮನಿಗಿ," ಎಂದು ತಿರುಗಿದರೆ, ಇಂದ್ರವ್ವ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದಳು. ಎದುರಿಗೆ ಇನ್ನೊಂದು ಗಾಡಿ ಬಂದು ನಿಂತಿತ್ತು. ಅದರ ತುಂಬ ತೇರದಾಳದ ಹೆಣ್ಣುಮಕ್ಕಳು.

"ಎಲ್ಲಿಗಿ?" ಎಂದರು ಪಾರಿಸಪ್ಪ.

"ಶ್ರವಣಬೆಳಗೊಳಕ್ಕ. ಅಲ್ಲಿಂದ ಮೂಡಬಿದರಿ, ಧರ್ಮಸ್ಥಳ. ಆರ ದಿನಾ."

"ನನಗ ಹೇಳಲೇ ಇಲ್ಲಲ್ಲ!"

"ವರ್ಷಾ ಹೇಳತಿದ್ದೆ. ವರ್ಷಾ ನೀವು ಹೋಗ ಹೋಗ, ಯಾರ ಬ್ಯಾಡಂದಾರ, ಆದ್ರ ನನ್ನ ನೀರ ಯಾರ ಇಡತಾರ ಅಂತಿದ್ರಿ. ಹನ್ನೆರಡ ವರ್ಷ ಆತು ಹಿಂಗ. ಈ ವರ್ಷ ನಿಮ್ಮ ಕಪಾಟಿನ ಬಾಗಲಾ ತಗದ ನೋಡೇನಿ. ನಿಮ್ಮ ಹೆಸರಿನ ಕೆಳಗ ಒಂಬತ್ತ ರೈಟ್ ಮಾರ್ಕ ಅದಾವ. ನೀರ ನೀವ ಇಟ್ಕೊಂತೀರಿ."

"ಅಭಿ ಎರಡ ಮೂರ ಸುಳ್ಳ ಹಾಕ್ಯಾನ," ಎಂದರು ಪಾರಿಸಪ್ಪ.

"ನನ್ನ ಮೊಮ್ಮಗ ಸುಳ್ಳ ಹೇಳೂದಿಲ್ಲ," ಎಂದಳು ಇಂದ್ರವ್ವ, ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟು. "ಯಾವ ಮಾಸ್ತರನ್ನೂ ಕೊಂದಿಲ್ಲ ಅಂವಾ."

ಸುಮನ ಅತ್ತೆಯ ಕೈಗೆ ನೀರಿನ ಬಾಟಲಿ ಕೊಟ್ಟಳು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೆಂಬುದು ಆ ಬಾಟಲಿ ಕೊಟ್ಟ ರೀತಿಯಲ್ಲೇ ಕಾಣುತ್ತಿತ್ತು.

ಆ ಆರು ದಿನ ಪಾರಿಸಪ್ಪನವರು ಸೋತರೆಂದು ಹೇಳುವಂತಿಲ್ಲ, ಗೆದ್ದರೆಂದೂ ಹೇಳುವಂತಿಲ್ಲ. ಅಡುಗೆ ಸುಮನ ಮಾಡಿದಳು. ಉಳಿದದ್ದನ್ನು ತಾವೇ ಮಾಡಿಕೊಳ್ಳುತ್ತೇನೆಂದು ಅವರು ಹಟ ಹಿಡಿದರು. ಎರಡನೆಯ ದಿನ ಮಧ್ಯಾಹ್ನ ಸುಮನ ಹೊರಗೆ ಹೋಗಿದ್ದಾಗ ಚಹಾ ಮಾಡಬೇಕೆನಿಸಿ, ಎಲ್ಲ ಡಬ್ಬಿ ತೆಗೆದು ನೋಡಿ, ಕೊನೆಗೆ ಹೆಂಡತಿಗೆ ಫೋನ್ ಹಚ್ಚಿದರು.

"ಇಂದ್ರಾ, ಚಾಪುಡಿ ಎಲ್ಲೈತಿ?"

ಫೋನಿನಲ್ಲಿ ಗಾಳಿ ಬೀಸುವ ಸದ್ದು, ಹೆಣ್ಣುಮಕ್ಕಳ ನಗು ಕೇಳಿಸಿತು. "ಏನ್ರೀ, ನಾ ಬೆಟ್ಟಾ ಹತ್ತಿ ಬಾಹುಬಲಿ ಪಾದದ ಮುಂದ ನಿಂತೇನಿ. ನೀವ ಚಾಪುಡಿ ಅಂತೀರಲ್ಲ!" ಎಂದಳು ಇಂದ್ರವ್ವ. ಉಸಿರು ಹತ್ತಿತ್ತು, ಆದರೆ ದನಿಯಲ್ಲಿ ಅವರು ಬಹಳ ವರ್ಷ ಕೇಳದ ಒಂದು ಉಮೇದು ಇತ್ತು. ಪಾರಿಸಪ್ಪ, "ಇರಲಿ ಇರಲಿ, ನೀ ದರ್ಶನಾ ಮಾಡು," ಎಂದು ಫೋನ್ ಇಟ್ಟರು. ಚಾಪುಡಿ ಸಿಕ್ಕಲಿಲ್ಲ. ಶಿದ್ರಾಮಪ್ಪನ ಅಂಗಡಿಗೆ ಹೋಗಿ ಹೊಸ ಪುಡಿಕೆ ತಂದರು.

ಶಿಬಿರಕ್ಕೂ ಫೋನ್ ಮಾಡಿದರು. ಮುಂಜಾನೆ, ಮಧ್ಯಾಹ್ನ, ಸಂಜೆ. ಮೂರನೆಯ ದಿನ ಶಿವಯೋಗೆಪ್ಪ ಮಾಸ್ತರರು ಬೇಸರ ಮಾಡಿಕೊಳ್ಳದೆ ಹೇಳಿದರು: "ಯಜಮಾನ್ರ, ಹುಡುಗ ಆರಾಮದಾನ್ರಿ. ಹುಡುಗ್ರ ಕಡೆ ಇದ್ದ ಮೊಬೈಲ ಎಲ್ಲಾ ಇಸಗೊಂಡೇವಿ. ಆದ್ರ ಅಜ್ಜಗೋಳ ಕಡೆ ಇದ್ದದ್ದ ಹೆಂಗ ಇಸಗೋಬೇಕಂತ ತಿಳಿವಲ್ದು."

ಐದನೆಯ ದಿನ ಸಂಜೆ ಅಭಿ ಬಂದ. ಮೊಣಕಾಲು ತರಚಿತ್ತು, ಮುಖ ಬಿಸಿಲಿಗೆ ಕಂದಿತ್ತು, ಹೋದಾಗ ಹಾಕಿದ್ದ ನೀಲಿ ಅಂಗಿಯೇ ಮೈಮೇಲಿತ್ತು. ಅದರ ಬಣ್ಣ ಈಗ ಯಾವುದು ಅಂತ ನಲವತ್ತು ವರ್ಷದ ಅನುಭವದಿಂದಲೂ ಹೇಳಲು ಸಾಧ್ಯವಿರಲಿಲ್ಲ. ಸುಮನ ಚೀಲ ತೆಗೆದು ನೋಡಿದರೆ, ಐದೂ ಜೊತೆ ಬಟ್ಟೆ ಚೀಟಿ, ಪಿನ್ನು ಸಮೇತ ಇಟ್ಟ ಹಾಗೇ ಇದ್ದವು.

"ಬಟ್ಟಿ ಬದಲಾಯಿಸಲಿಲ್ಲೇನೋ?"

"ಅಜ್ಜ ಅಷ್ಟ ಛಂದ ಮಡಚಿದ್ದ, ಕೆಡಸಾಕ ಮನಸ ಆಗಲಿಲ್ಲ," ಎಂದ ಅಭಿ. ಹೇಳಿ ಅಜ್ಜನ ಪಕ್ಕ ಬಂದು ಪಾಟಿನ ಮೇಲೆ ಕೂತ. "ಅಜ್ಜಾ, ನಾಲ್ಕೂ ರಾತ್ರಿ ಇದ್ದೆ."

"ಅತ್ತಿಯೇನು?"

"ಮೊದಲನೇ ರಾತ್ರಿ ಚೂರ ಅತ್ತೆ. ನನ್ನ ಬಾಜು ಬಿಲಗುಂದಿ ಅಂತ ಒಬ್ಬಾಂವ ಇದ್ದ, ಅಂವಾ ಭಾಳ ಅಳಾಕತ್ತ. ಅವನ್ನ ಸಮಾಧಾನ ಮಾಡೂದ್ರಾಗ ನನಗ ಅಳಾಕ ಟೈಮ ಸಿಗಲಿಲ್ಲ."

"ಏನಂತ ಸಮಾಧಾನ ಮಾಡಿದಿ?"

"ಸತ್ತ ಮಾಸ್ತರ ಕಥಿ ಹೇಳಿದೆ. ಮರುದಿನ ಎಲ್ಲಾರೂ ಅದನ್ನ ಹೇಳಂದರು. ಶಿವಯೋಗೆಪ್ಪ ಮಾಸ್ತರೂ ಕೇಳಿದರು."

ಪಾರಿಸಪ್ಪನವರು ಹಣೆ ಒರೆಸಿಕೊಂಡರು. ಐವತ್ತೇಳು ವರ್ಷ ಮುಚ್ಚಿಟ್ಟ ಮಾತು ಈಗ ಬೀಳಗಿ, ಮುಧೋಳ, ತೇರದಾಳದ ನಲವತ್ತು ಮನೆಗಳನ್ನು ಮುಟ್ಟಿತ್ತು. ಆದರೂ ಯಾಕೋ ಮೈ ಹಗುರಾಗಿತ್ತು.

ಇಂದ್ರವ್ವ ಆರನೆಯ ದಿನ ಬರಲಿಲ್ಲ. ದಾರಿಯಲ್ಲಿ ಯಾರೋ ಸಮುದ್ರ ನೋಡೋಣ ಎಂದರಂತೆ, ಇನ್ನೆರಡು ದಿನ ಹೆಚ್ಚಾಯಿತು. ಎಂಟನೆಯ ದಿನ ಬೆಳಿಗ್ಗೆ ಬಂದವಳು ಕೂತಲ್ಲಿಯೇ ಸಮುದ್ರದ ಕಥೆ ಸುರು ಮಾಡಿದಳು. ತೆರೆ ಬಂದು ಸೀರೆ ತೋಯಿಸಿದ್ದು, ಭಾಗ್ಯಾ ಎಂಬ ಗೆಳತಿಯ ಚಪ್ಪಲಿ ನೀರಿನಲ್ಲಿ ತೇಲಿ ಹೋದದ್ದು, ಆ ಚಪ್ಪಲಿಯ ಹಿಂದೆ ಅರವತ್ತು ವರ್ಷದ ನಾಲ್ವರು ಓಡಿದ್ದು. ಅವಳಿಗೆ ಇಷ್ಟು ಮಾತು ಬರುತ್ತವೆ ಅಂತ ಪಾರಿಸಪ್ಪನವರಿಗೆ ತಿಳಿದಿರಲಿಲ್ಲ. ಇಲ್ಲವೇ ಮರೆತಿದ್ದರು.

"ಇನ್ನೊಂದ ಮಾತ," ಎಂದಳು ಕೊನೆಗೆ. "ದೀಪಾವಳಿ ಆದ ಮ್ಯಾಲ ಸಮ್ಮೇದ ಶಿಖರಜಿಗಿ ಗಾಡಿ ಹೊಂಟೈತಿ. ಇಪ್ಪತ್ತ ದಿನಾ. ನನ್ನ ಹೆಸರ ಕೊಟ್ಟ ಬಂದೇನಿ. ನಿಮ್ಮದೂ ಕೊಟ್ಟೇನಿ."

"ನಂದ್ಯಾಕ? ಹೆಣ್ಣಮಕ್ಕಳ ಗಾಡಿ ಅಲ್ಲೇನು?"

"ಆರ ಮಂದಿ ಗಂಡಸರನ್ನ ಕರಕೊಂಡ ಹೋಕ್ಕಾರ. ಆದ್ರ ಕೆಲಸಾ ಬರೂ ಗಂಡಸರ ಆಗಬೇಕಂತ. ದಾರ್ಯಾಗ ಅಡಗಿ ಭಾಂಡೆ ಅವರ ತೊಳಿಬೇಕ. ನಿಮ್ಮ ಯಜಮಾನ್ರಿಗಿ ಬರತೈತೇನು ಅಂತ ಕೇಳಿದರು."

"ನೀ ಏನಂದಿ?"

"ಬರತೈತಿ ಅಂದೆ."

ಪಾರಿಸಪ್ಪನವರು ಅಭಿಯ ಮುಖ ನೋಡಿದರು, ಸುಮನಳ ಮುಖ ನೋಡಿದರು. ಯಾರೂ ಅವರ ಪರವಾಗಿ ಮಾತಾಡುವ ಹಾಗೆ ಕಾಣಲಿಲ್ಲ. ಕೊನೆಗೆ ವ್ಯಾಪಾರದ ಮಾತು ಕುದುರಿಸುವವರ ದನಿಯಲ್ಲಿ ಕೇಳಿದರು:

"ಬೂದಿಲೆ ತಿಕ್ಕೂದೋ, ಅವರ ಪೌಡರ ಕೊಡತಾರೋ?"